ಮಗಳ ಸೀಟು, ಮಗಳ ಪಟ್ಟಿ

ಅಕ್ಕಂದಿರೇ, ಸಿಇಟಿ ರ‍್ಯಾಂಕು ಬಂದ ಮೇಲೆ ಬೇಕಾದ ಕಾಲೇಜುಗಳನ್ನು ಸಾಲಾಗಿ ಬರೆದು ಕೊಡಬೇಕು. ನಮ್ಮ ನಿಟ್ಟೂರಿನ ತಾಯಂದಿರಿಗೆ ಅಲ್ಲೇ ಅಂಜಿಕೆ. ಮಗಳ ಆಸೆ ಶಿವಮೊಗ್ಗದ ಕೃಷಿ ಕಾಲೇಜು. ಸಿಕ್ಕೀತು ಅನ್ನೋದು ಮೂಡಿಗೆರೆಯ ತೋಟಗಾರಿಕೆ ಕಾಲೇಜು. ಶಿವಮೊಗ್ಗ ಮೊದಲು ಬರೆದು, ಎರಡೂ ತಪ್ಪಿದರೆ?

ಹಾಗಾಗೋದಿಲ್ಲ. ಪರೀಕ್ಷಾ ಪ್ರಾಧಿಕಾರದವರು ರ‍್ಯಾಂಕಿನ ಸರದಿಯಲ್ಲಿ ಸೀಟು ಹಂಚುತ್ತಾರೆ. ಮಗಳ ರ‍್ಯಾಂಕು 4000 ಅನ್ನಿ. ಅವಳ ಸರದಿಯಲ್ಲಿ ಅವಳ ಪಟ್ಟಿಯನ್ನು ಮೇಲಿನಿಂದ ನೋಡುತ್ತಾರೆ. ಶಿವಮೊಗ್ಗ ತುಂಬಿದ್ದರೆ ಮೂಡಿಗೆರೆ. ಅದೇ ಮೀಸಲಾತಿ ವರ್ಗದ 4001ನೆಯವಳು ಮೂಡಿಗೆರೆಯನ್ನೇ ಮೊದಲು ಬರೆದರೂ, ನಮ್ಮ ಮಗಳನ್ನು ದಾಟಿ ಆ ಸೀಟು ಪಡೆಯಲಾರಳು.

ಆದ್ದರಿಂದ ಆಸೆಯ ಸಾಲಿನಲ್ಲೇ ಬರೆಸೋಣ. ಸೈಬರ್ ಅಂಗಡಿಯವನ ಸಾಲು ಬೇಡ, ಓದೋದು ಅವನಲ್ಲವಲ್ಲ! ಕಳಿಸಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಬರೆಸಬೇಡಿ. ಮೊದಲು ಅಣಕು ಹಂಚಿಕೆ ಬರುತ್ತದೆ. ಆಮೇಲೂ ಸಾಲು ಬದಲಿಸಬಹುದು. ಆ ಹಾಳೆ ತಂದು ನಾವೇ ಓದಿ ನೋಡೋಣ.