ಬಾಯಿಯ ಕ್ಯಾನ್ಸರ್ ವಾಸಿಯಾದ ಮೇಲೆ



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ತಾವು ಚಿಕ್ಕಂದಿನಿಂದಲೂ ಕೇಳಿಕೊಂಡು ಬಂದಿದ್ದೀರಿ. ಊಟವೂ ಮಾತೂ ನಡೆಯುವುದು ಒಂದೇ ಬಾಯಿಂದ. ಆ ಬಾಯಿಗೇ ಕ್ಯಾನ್ಸರ್ ತಗುಲಿದರೆ ಎರಡೂ ಒಮ್ಮೆಗೇ ಕುಂದುತ್ತವೆ. ಈ ರೋಗವು ಏತರಿಂದ ಬರುತ್ತದೆ ಎಂಬುದನ್ನು ಗೋಡೆಬರಹಗಳಲ್ಲಿಯೂ ಹೊಗೆಸೊಪ್ಪಿನ ಪೊಟ್ಟಣದ ಮೇಲಿನ ಚಿತ್ರಗಳಲ್ಲಿಯೂ ತಾವು ನೋಡಿದ್ದೀರಿ. ಆದರೆ ಚಿಕಿತ್ಸೆ ಮುಗಿಸಿಕೊಂಡು ಊರಿನ ಬಸ್ ನಿಲ್ದಾಣದಲ್ಲಿ ಇಳಿದ ಮನುಷ್ಯನು ಅಲ್ಲಿಂದ ಮುಂದೆ ಹೇಗೆ ಬಾಳಬೇಕು ಎಂಬುದನ್ನು ಯಾವ ಗೋಡೆಯ ಮೇಲೂ ಬರೆದಿರುವುದಿಲ್ಲ. ಇಂದು ನಾನು ಮುಖ್ಯವಾಗಿ ಆ ವಿಷಯವನ್ನೇ ತಮ್ಮ ಮುಂದಿಡಬಯಸುತ್ತೇನೆ. ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಬರಬೇಕೆಂದು ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಕಳುಹಿಸಿದ್ದು ಅದಕ್ಕಾಗಿಯೇ.

ನಮ್ಮ ತಾಲ್ಲೂಕಿನ ಒಬ್ಬ ರೈತರ ಸಂಗತಿಯನ್ನು ಅವರ ಒಪ್ಪಿಗೆ ಪಡೆದು ಹೇಳುತ್ತೇನೆ. ಹೆಸರನ್ನು ಬೇಕಾದರೆ ಅವರೇ ಹೇಳಿಕೊಳ್ಳಲಿ. ಹದಿನಾರನೆಯ ವಯಸ್ಸಿನಿಂದ ಅವರಿಗೆ ಎಲೆಯಡಿಕೆಯೊಡನೆ ಕಡ್ಡಿಪುಡಿ ಹಾಕುವ ಅಭ್ಯಾಸವಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ ಎಡಗೆನ್ನೆಯ ಒಳಮೈಯಲ್ಲಿ ಒಂದು ಬಿಳಿಯ ಮಚ್ಚೆ ಕಾಣಿಸಿತು. ನೋವಿರಲಿಲ್ಲ, ನೋವಿಲ್ಲದ ಕಾರಣ ಯೋಚನೆಯೂ ಇರಲಿಲ್ಲ. ಅನಂತರ ಅದೇ ಜಾಗದಲ್ಲಿ ಹುಣ್ಣಾಯಿತು. ಉಷ್ಣವಿರಬೇಕೆಂದು ಬೆಣ್ಣೆ ಸವರಿದರು, ಎಳನೀರು ಕುಡಿದರು. ಪಕ್ಕದ ಹಲ್ಲು ಅಲುಗಾಡತೊಡಗಿದಾಗ ಹಲ್ಲಿನದೇ ದೋಷವೆಂದು ಕೀಳಿಸಿದರು. ಕಿತ್ತ ಜಾಗ ಮಾಯಲಿಲ್ಲ. ಹೀಗೆ ಏಳು ತಿಂಗಳು ಕಳೆದುಹೋಯಿತು. ಕಡೆಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೆನ್ನೆಯ ಒಳಭಾಗವನ್ನೂ ಕೆಳದವಡೆಯ ಒಂದು ತುಂಡನ್ನೂ ಕತ್ತಿನ ಗಂಟುಗಳನ್ನೂ ತೆಗೆದು, ಎದೆಯ ಚರ್ಮ ಮತ್ತು ಮಾಂಸವನ್ನು ತಂದು ಆ ಜಾಗಕ್ಕೆ ಕೂಡಿಸಿದರು. ಬಳಿಕ ಆರು ವಾರಗಳ ವಿಕಿರಣ ಚಿಕಿತ್ಸೆ. ರೋಗವು ಹೋಯಿತು. ಆದರೆ ಊರಿಗೆ ಬಂದ ಮೇಲೆ ಆತ ನಾಲ್ಕು ತಿಂಗಳು ನಡುಮನೆಯನ್ನು ಬಿಟ್ಟು ಹೊರಗೆ ಬರಲಿಲ್ಲ. ಸ್ವಂತ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ.

ಮುಖ ಒಂದು ಕಡೆಗೆ ವಾಲಿತ್ತು. ತುಟಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಮಾತು ತೊದಲುತ್ತಿತ್ತು. ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದೆಂದರೆ ಅವರಿಗೆ ಪ್ರಾಣಸಂಕಟ. ನೋಡಬಂದ ನೆಂಟರು ಅವರನ್ನು ಮಾತನಾಡಿಸದೆ, ಅವರೆದುರಿಗೇ ಹೆಂಡತಿಯನ್ನು ‘ಈಗ ಹೇಗಿದ್ದಾರೆ?’ ಎಂದು ಕೇಳಿ ಹೋಗುತ್ತಿದ್ದರು. ಬಾಯಿ ಸೋತವನಿಗೆ ಕಿವಿಯೂ ಸೋತಿದೆ ಎಂದು ಜನ ಏಕೆ ಭಾವಿಸುತ್ತಾರೋ ನಾನರಿಯೆ.

ಇಂತಹ ಮನೆಯಲ್ಲಿ ಏನೇನು ನಡೆಯಬೇಕೆಂಬುದನ್ನು ಈಗ ವಿವರವಾಗಿ ಹೇಳುತ್ತೇನೆ, ಲಕ್ಷ್ಯವಿಟ್ಟು ಕೇಳಿರಿ.

ಮೊದಲನೆಯದು ಊಟ. ಆರಂಭದ ದಿನಗಳಲ್ಲಿ ಮೂಗಿನ ಮೂಲಕ ಹಾಕಿದ ನಳಿಕೆಯಲ್ಲಿಯೇ ಆಹಾರ ಕೊಡಬೇಕಾಗುವುದು. ಹಾಲು, ತೆಳ್ಳಗಿನ ರಾಗಿ ಗಂಜಿ, ಬೇಳೆಯ ಕಟ್ಟು ಇವನ್ನು ಚೆನ್ನಾಗಿ ಸೋಸಿ, ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ ನಿಧಾನವಾಗಿ ಬಿಡಬೇಕು, ಮಲಗಿಸಿ ಕೊಡಲೇಬಾರದು. ನಳಿಕೆ ತೆಗೆದ ಮೇಲೆ ಮೆತ್ತಗೆ ಬೆಂದ ಅನ್ನ, ಮೊಸರು, ಬೇಳೆ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಜನರ ಪದ್ಧತಿಯಷ್ಟೆ; ಆದರೂ ವಿಕಿರಣ ಚಿಕಿತ್ಸೆಯಿಂದ ಬಾಯಿ ಒಣಗಿರುವವರಿಗೆ ಅದು ಗಂಟಲಲ್ಲಿ ನಿಲ್ಲಬಹುದು. ಆದುದರಿಂದ ಮುದ್ದೆಯ ಬದಲು ಅಂಬಲಿಯಾಗಿ ಕೊಡಿ. ಖಾರ, ಹುಳಿ ಬೇಡ. ಕೆಲವು ತಿಂಗಳು ನಾಲಗೆಗೆ ರುಚಿ ತಿಳಿಯದು. ಸಾರಿಗೆ ಉಪ್ಪಿಲ್ಲವೆಂದು ಗಂಡ ಗೊಣಗಿದರೆ ಹೆಂಡತಿ ನೊಂದುಕೊಳ್ಳಬೇಕಾಗಿಲ್ಲ, ದೋಷ ಸಾರಿನದಲ್ಲ. ರುಚಿಯು ಮೆಲ್ಲಮೆಲ್ಲಗೆ ಮರಳುತ್ತದೆ. ಜೊಲ್ಲಿನ ಕೊರತೆ ಹೆಚ್ಚು ಕಾಲ ಉಳಿಯುವುದುಂಟು. ಹೊಲಕ್ಕೆ ಹೋಗುವಾಗ ನೀರಿನ ಬಾಟಲಿ ಜೊತೆಗಿದ್ದು, ಆಗಾಗ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಎರಡನೆಯದು ದವಡೆ. ಶಸ್ತ್ರಚಿಕಿತ್ಸೆ ಮತ್ತು ವಿಕಿರಣಗಳ ಬಳಿಕ ಬಾಯಿ ಬಿಗಿದುಕೊಳ್ಳತೊಡಗುತ್ತದೆ. ವೈದ್ಯರು ತೋರಿಸಿಕೊಟ್ಟ ವ್ಯಾಯಾಮವನ್ನು ದಿನಕ್ಕೆ ಹಲವು ಬಾರಿ ಬಿಡದೆ ಮಾಡದಿದ್ದರೆ ತುತ್ತು ಹೋಗುವಷ್ಟೂ ಬಾಯಿ ತೆರೆಯದಂತಾಗುವುದು. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇರಿಸಿ, ಕೆಲವು ದಿನಗಳಿಗೊಮ್ಮೆ ಒಂದೊಂದು ಕಡ್ಡಿ ಹೆಚ್ಚಿಸುತ್ತಾ ಹೋಗುವುದು ಒಂದು ಸುಲಭ ವಿಧಾನ. ನಾನು ಹೇಳಿದ ರೈತರ ಪತ್ನಿ ಆ ಕಡ್ಡಿಗಳನ್ನು ತೊಳೆದು ಒಂದು ಡಬ್ಬಿಯಲ್ಲಿಟ್ಟು, ಪ್ರತಿ ಸಂಜೆ ದೀಪ ಹಚ್ಚಿದೊಡನೆ ಗಂಡನ ಮುಂದೆ ತಂದಿಡುತ್ತಿದ್ದರು. ಹನ್ನೆರಡು ಕಡ್ಡಿಯಿಂದ ಹದಿನೆಂಟಕ್ಕೆ ಬರಲು ಮೂರು ತಿಂಗಳು ಹಿಡಿಯಿತು. ಹಾಗೆಯೇ ಭುಜ. ಕತ್ತಿನ ಶಸ್ತ್ರಚಿಕಿತ್ಸೆಯಾದವರಿಗೆ ಆ ಪಕ್ಕದ ತೋಳನ್ನು ಮೇಲೆತ್ತುವುದು ಕಷ್ಟ. ನೊಗ ಹೊರುವ, ಮೂಟೆ ಎತ್ತುವ ಕೆಲಸವನ್ನು ವೈದ್ಯರು ಒಪ್ಪುವವರೆಗೆ ಮನೆಯವರು ಹಂಚಿಕೊಳ್ಳಬೇಕು. ಇದನ್ನು ಸೋಮಾರಿತನವೆಂದು ಹಂಗಿಸಬಾರದು.

ವಿಕಿರಣ ಪಡೆದ ದವಡೆಯ ಹಲ್ಲನ್ನು ಕ್ಯಾನ್ಸರ್ ವೈದ್ಯರನ್ನು ಕೇಳದೆ ಎಂದಿಗೂ ಕೀಳಿಸಬೇಡಿ. ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ವೈದ್ಯರು ಹೇಳಿದ ದಿನ ತಪ್ಪದೆ ಮರುತಪಾಸಣೆಗೆ ಹೋಗಿರಿ. ಮೊದಲ ವರ್ಷದಲ್ಲಿ ಒಂದರಿಂದ ಮೂರು ತಿಂಗಳಿಗೊಮ್ಮೆ ಹೋಗಬೇಕಾಗುವುದು, ಆಮೇಲೆ ಅಂತರ ಹೆಚ್ಚುತ್ತದೆ. ಬಿತ್ತನೆಯ ಕಾಲ, ಹಬ್ಬ ಎಂದು ತಪ್ಪಿಸಬೇಡಿ.

ಇನ್ನು ದಂಪತಿಗಳಾದ ತಾವು ನನ್ನಲ್ಲಿ ಕೇಳಲು ಸಂಕೋಚಪಡುವ ಮಾತು. ಈ ರೋಗವು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಟ್ಟೆ, ಲೋಟ, ಹಾಸಿಗೆ ಯಾವುದನ್ನೂ ಬೇರೆ ಮಾಡುವ ಕಾರಣವಿಲ್ಲ. ಯಂತ್ರದಿಂದ ಹೊರಗಿನಿಂದ ಕೊಟ್ಟ ವಿಕಿರಣವು ದೇಹದಲ್ಲಿ ಉಳಿಯುವುದಿಲ್ಲ. ಮಕ್ಕಳನ್ನು ಎತ್ತಿ ಮುದ್ದಿಸಬಹುದು. ದೇಹಕ್ಕೆ ಶಕ್ತಿ ಬಂದಂತೆ ದಾಂಪತ್ಯ ಜೀವನವನ್ನು ಎಂದಿನಂತೆ ನಡೆಸಬಹುದು. ಮುಖ ಬದಲಾಗಿದೆ ಎಂಬ ಅಳುಕು ರೋಗಿಗೆ ಇದ್ದೇ ಇರುತ್ತದೆ. ಆ ಅಳುಕನ್ನು ಕಳೆಯುವ ಔಷಧ ನಮ್ಮ ಆಸ್ಪತ್ರೆಯ ಕಪಾಟಿನಲ್ಲಿಲ್ಲ. ಆ ಗೃಹಿಣಿ ಮಾಡಿದ್ದು ಇಷ್ಟೇ: ತನ್ನ ತಟ್ಟೆಯನ್ನು ನಡುಮನೆಗೆ ತಂದು ಗಂಡನ ಎದುರಿಗೆ ಕುಳಿತು ಉಣ್ಣತೊಡಗಿದರು. ಅರ್ಧ ಗಂಟೆಯ ಊಟ ಒಂದು ಗಂಟೆಯಾಯಿತು. ಒಂದು ತಿಂಗಳ ಬಳಿಕ ಮಕ್ಕಳೂ ಬಂದು ಕುಳಿತರು. ಮುಂದೊಂದು ಬೆಳಿಗ್ಗೆ ತನಗೆ ಸೊಂಟನೋವೆಂದು ಹೇಳಿ, ಡೇರಿಗೆ ಹಾಲು ಹಾಕಿಬರಲು ಗಂಡನನ್ನೇ ಕಳುಹಿಸಿದರು. ಸೊಂಟನೋವು ನಿಜವಾಗಿ ಇತ್ತೇ ಎಂದು ನಾನು ಕೇಳಲಿಲ್ಲ.

ಆದರೆ ಒಂದು ಸಂಗತಿಯನ್ನು ಮುಚ್ಚಿಡಬಾರದು. ಗಂಡನಿಗೆ ನಳಿಕೆಯಲ್ಲಿ ಗಂಜಿ ಬಿಡುತ್ತಿದ್ದ ದಿನಗಳಲ್ಲಿಯೂ ಆ ತಾಯಿಯ ಕೆನ್ನೆಯೊಳಗೆ ಹೊಗೆಸೊಪ್ಪು ಮತ್ತು ಸುಣ್ಣದ ಉಂಡೆ ಇದ್ದೇ ಇತ್ತು. ‘ಅದಿಲ್ಲದೆ ಕೈಕಾಲು ಆಡುವುದಿಲ್ಲ, ಡಾಕ್ಟ್ರೇ’ ಎಂದರು. ನಾನು ಗದರಲಿಲ್ಲ. ಇಪ್ಪತ್ತೈದು ವರ್ಷದ ಚಟ ಗದರಿಕೆಯಿಂದ ಹೋಗುವುದಿಲ್ಲ. ಬಾಯಿ ತೆರೆಸಿ ನೋಡಿದಾಗ ಉಂಡೆ ಇಡುವ ಜಾಗದಲ್ಲಿಯೇ ಬಿಳಿಯ ಮಚ್ಚೆಯಿತ್ತು. ಕನ್ನಡಿಯಲ್ಲಿ ಅದನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಮೊದಲು ರಾತ್ರಿ ಬಾಯಲ್ಲಿಟ್ಟು ಮಲಗುವುದನ್ನು ನಿಲ್ಲಿಸಿದರು, ಆಮೇಲೆ ಊಟದ ನಂತರದ್ದನ್ನು. ಹಂಬಲವಾದಾಗ ನಾಲ್ಕು ಜೀರಿಗೆಯನ್ನೋ ಒಂದು ಲವಂಗವನ್ನೋ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎರಡು ಬಾರಿ ಸೋತು ಮೂರನೆಯ ಬಾರಿ ಗೆದ್ದರು. ಬಿಡಲು ನೆರವು ಬೇಕಾದವರು 1800-11-2356 ಎಂಬ ಉಚಿತ ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆ ದೊರೆಯುವುದು. ಕ್ಯಾನ್ಸರ್ ವಾಸಿಯಾದವರು ಪುನಃ ಹೊಗೆಸೊಪ್ಪು ಮುಟ್ಟಿದರೆ ಬಾಯಿಯ ಇನ್ನೊಂದು ಕಡೆ ಹೊಸದಾಗಿ ರೋಗ ಹುಟ್ಟುವ ಅಪಾಯವಿರುವುದರಿಂದ, ಒಂದು ಮನೆಯಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಹಾಕುತ್ತಿರುವುದು ಸಲ್ಲದು.

ಅಡಿಕೆಯ ಮಾತನ್ನೂ ಆಡಬೇಕು. ಅಡಿಕೆ ತೋಟವನ್ನೇ ನಂಬಿದ ಸಂಸಾರಗಳು ಈ ಸಭೆಯಲ್ಲಿರುವುದನ್ನು ಬಲ್ಲೆ. ನನ್ನ ತಾಯಿಯ ತವರೂ ಅಂತಹದೇ. ಆದರೆ ಹೊಗೆಸೊಪ್ಪು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೀರ್ಮಾನಿಸಿದೆ. ಸದಾ ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ಗಡುಸಾಗಿ, ಖಾರ ತಾಗಿದರೆ ಉರಿದು, ಬಾಯಿ ಕ್ರಮೇಣ ಕಿರಿದಾಗುತ್ತದೆ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ನಿಷೇಧಿಸಲಾಯಿತು. ಆದರೆ ಪಾನ್ ಮಸಾಲೆ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣವಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ಹುಡುಗರನ್ನು ತಾವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಈಗ ತಮ್ಮಿಂದ ಆಗಬೇಕಾದ ಒಂದು ಕೆಲಸ. ತಿಂಗಳಿಗೊಮ್ಮೆ, ಬೆಳಗಿನ ಬಿಸಿಲಿನಲ್ಲೋ ಟಾರ್ಚಿನ ಬೆಳಕಿನಲ್ಲೋ, ಬಾಯಿ ಮುಕ್ಕಳಿಸಿದ ಮೇಲೆ ಗಂಡನು ಹೆಂಡತಿಯ ಬಾಯನ್ನೂ ಹೆಂಡತಿಯು ಗಂಡನ ಬಾಯನ್ನೂ ನೋಡಬೇಕು. ತುಟಿಯ ಒಳಭಾಗ, ಎರಡೂ ಕೆನ್ನೆ, ವಸಡು, ಅಂಗಳ, ನಾಲಗೆಯ ಅಂಚುಗಳು, ನಾಲಗೆ ಎತ್ತಿಸಿ ಅದರ ತಳ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಇವುಗಳಲ್ಲಿ ಯಾವುದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಅವು ಬಾಯೊಳಗೆ ಹಿಡಿಸದಿದ್ದರೂ ಬನ್ನಿರಿ. ನೋವಿಲ್ಲವೆಂದು ಕಾಯಬೇಡಿ. ಪರೀಕ್ಷೆಗಾಗಿ ಹುಣ್ಣಿನ ಚೂರು ತೆಗೆದರೆ ರೋಗ ಊರೆಲ್ಲ ಹರಡಿದಂತೆ ಮೈಯೆಲ್ಲ ಹರಡುವುದೆಂದು ಹೇಳುವವರಿದ್ದಾರೆ, ಅದು ಸುಳ್ಳು. ಚೂರು ತೆಗೆದು ನೋಡದೆ ರೋಗವನ್ನು ಖಚಿತಪಡಿಸಲು ಬರುವುದಿಲ್ಲ.

ಬರಿಯ ಕಣ್ಣಿನ ನೋಟದಿಂದ ಏನು ಪ್ರಯೋಜನವೆಂದು ಕೇಳಬಹುದು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ 2004ರವರೆಗೆ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ರೋಗ ಚಿಕ್ಕದಿರುವಾಗ ಬಂದವರಲ್ಲಿ ಬಹುಪಾಲು ಮಂದಿ ಗುಣಹೊಂದುತ್ತಾರೆ; ದವಡೆ ಕತ್ತರಿಸುವ ಪ್ರಮೇಯವೂ ಅನೇಕರಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿಯೂ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. ಖರ್ಚಿಗಾಗಿ ಹೊಲ ಮಾರುವ ಮುನ್ನ ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ನಮ್ಮಲ್ಲಿಗೆ ಬನ್ನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಶಿಫಾರಸು ಪತ್ರ ಬರೆದುಕೊಡುವ ಕೆಲಸ ನಮ್ಮದು.

ಡೇರಿಯ ಸಾಲಿನಲ್ಲಿ ಆ ರೈತರನ್ನು ಮೊದಲ ಕೆಲವು ದಿನ ಯಾರೂ ಮಾತನಾಡಿಸಲಿಲ್ಲ. ಐದನೆಯ ದಿನ ಒಬ್ಬ ಹುಡುಗ, ‘ಮಾವ, ನಿಮಗೆ ಏನಾಗಿತ್ತು?’ ಎಂದು ನೇರವಾಗಿ ಕೇಳಿಬಿಟ್ಟ. ಆತ ಹಾಲಿನ ಕ್ಯಾನನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದರು. ಅದೇ ವಾರ ಆ ಸಾಲಿನ ಮೂವರು ಬಾಯಿ ತೋರಿಸಲು ನನ್ನಲ್ಲಿಗೆ ಬಂದರು. ನಾನು ಹತ್ತು ಭಾಷಣ ಮಾಡಿದಾಗಲೂ ಅಷ್ಟು ಮಂದಿ ಬಂದಿರಲಿಲ್ಲ.

ಅವರು ಇಂದು ಪತ್ನಿಯೊಡನೆ ಈ ಸಭೆಗೆ ಬಂದಿದ್ದಾರೆ. ಈಗ ಎರಡು ಮಾತನಾಡುತ್ತಾರೆ. ಅವರ ಮಾತು ನಿಧಾನ, ಕೆಲವು ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ನಡುವೆ ನಿಂತರೆ ತಾವು ಮಾತನ್ನು ಪೂರ್ತಿಮಾಡಿಕೊಡಲು ಹೋಗಬೇಡಿ, ಅವರೇ ಮುಗಿಸುತ್ತಾರೆ. ಅನಂತರ ಪಕ್ಕದ ಶಾಲಾ ಕೊಠಡಿಯಲ್ಲಿ ಆರೋಗ್ಯ ಸಹಾಯಕಿಯರು ಟಾರ್ಚಿನೊಡನೆ ಕಾದಿರುತ್ತಾರೆ. ದಂಪತಿಗಳು ಜೊತೆಯಾಗಿಯೇ ಒಳಗೆ ಹೋಗಿರಿ. ಬಾಯಿ ಮುಕ್ಕಳಿಸಲು ಬಾಗಿಲ ಬಳಿ ನೀರಿಟ್ಟಿದೆ.