ಯೋಬನ ಗೆಳೆಯರು ಸುಮ್ಮನಿದ್ದ ಏಳು ದಿನ

ಗುಬ್ಬಿ ಕಡೆಯ ಒಂದು ಚಿಕ್ಕ ಸಭೆಯಲ್ಲಿ ಹೋದ ಭಾನುವಾರ ಬೆಳೆ ಹಬ್ಬವಿತ್ತು. ಸುಗ್ಗಿಯ ಹೊತ್ತಿಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಈ ಹಬ್ಬ ನಡೆಯುತ್ತದೆ. ಹೊಲದಲ್ಲಿ, ತೋಟದಲ್ಲಿ, ಹಿತ್ತಿಲಲ್ಲಿ ಬೆಳೆದದ್ದರಲ್ಲಿ ಒಂದು ಪಾಲನ್ನು ತಂದು ದೇವರ ಮುಂದೆ ಇಡುತ್ತಾರೆ. ರಾಗಿ, ಅವರೆಕಾಯಿ, ಕುಂಬಳಕಾಯಿ, ಬಾಳೆಗೊನೆ, ಕೆಲವರು ನಾಟಿಕೋಳಿಯನ್ನೂ ತರುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು ನಡೆದು, ಬಂದ ಹಣ ಸಭೆಗೆ ಸೇರುತ್ತದೆ.

ಅಲ್ಲಿಗೆ ಒಬ್ಬ ಹೆಣ್ಣುಮಗಳು ಸಣ್ಣ ಚೀಲದಲ್ಲಿ ರಾಗಿ ತಂದಿದ್ದರು. ಈ ವರ್ಷವೇ ಗಂಡನನ್ನು ಕಳೆದುಕೊಂಡವರು. ಇದ್ದ ನಾಲ್ಕು ತೆಂಗಿನ ಮರಕ್ಕೂ ಕಪ್ಪುತಲೆ ಹುಳು ಬಿದ್ದಿದೆ. "ಈ ವರ್ಸ ನೀನು ತರ್ದಿದ್ರೂ ಆಗ್ತಿತ್ತಲ್ಲವ್ವಾ" ಎಂದು ಯಾರೋ ಅಂದರು. "ಹೋದ್ವರ್ಸ ತಂದಿದ್ದೆ, ಈ ವರ್ಸ ತರ್ದಿದ್ರೆ ಹೆಂಗಣ್ಣಾ?" ಎಂದರು ಆಕೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬರು ಸಮಾಧಾನ ಹೇಳಲೆಂದು, "ದೇವ್ರು ಏನ್ ಮಾಡಿದ್ರೂ ಒಳ್ಳೇದಕ್ಕೇ ಮಾಡ್ತಾನೆ ಬಿಡವ್ವಾ" ಎಂದುಬಿಟ್ಟರು. ಹೇಳಿದವರು ಒಳ್ಳೆಯವರೇ. ಆದರೆ ಅದುವರೆಗೆ ನೆಟ್ಟಗೆ ನಿಂತಿದ್ದ ಆ ತಾಯಿಯ ಮುಖ ಇಳಿದುಹೋಯಿತು. ಏನೂ ಹೇಳದೆ ಒಳಗೆ ಹೋದರು.

ಆ ತಾಯಿ ಅಂದದ್ದು, ಸಮಾಧಾನಕ್ಕೆಂದು ಪಕ್ಕದವರು ಅಂದದ್ದು, ಎರಡೂ ದೇವರನ್ನು ನಂಬಿದವರ ಮಾತೇ. ಆದರೂ ಮೊದಲನೆಯದನ್ನು ಕೇಳಿ ನನ್ನ ತಲೆ ಬಾಗಿತು, ಎರಡನೆಯದು ಇನ್ನೂ ಚುಚ್ಚುತ್ತಿದೆ. ಯಾಕೆ ಹೀಗೆ ಎಂದು ಈ ವಾರವೆಲ್ಲ ಯೋಚಿಸುತ್ತಿದ್ದೇನೆ.

ಸತ್ಯವೇದದಲ್ಲಿ ಯೋಬನ ಕಥೆ ಇದೆ. ಕೇಳಿರುತ್ತೀರಿ. ಊಚ್ ದೇಶದ ಸಿರಿವಂತ, ನೀತಿವಂತ. ಒಂದೇ ದಿನದಲ್ಲಿ ದನಕರು, ಒಂಟೆ, ಆಳುಕಾಳು, ಕೊನೆಗೆ ಹತ್ತು ಮಂದಿ ಮಕ್ಕಳನ್ನೂ ಕಳೆದುಕೊಂಡ. ಆಗಲೂ ಕೊಟ್ಟವನೇ ತೆಗೆದುಕೊಂಡ ಎಂದು ದೇವರನ್ನು ಕೊಂಡಾಡಿದ. ಆಮೇಲೆ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತಾಗಲೂ ದೇವರನ್ನು ದೂಷಿಸಲಿಲ್ಲ. ಪ್ರಸಂಗ ಮಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವ ಸಂಗತಿ ಇದರ ನಂತರ ಬರುತ್ತದೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಸುದ್ದಿ ತಿಳಿದು ದೂರದಿಂದ ಬಂದರು. ಅವನ ಗುರುತೇ ಸಿಗಲಿಲ್ಲ. ಗಟ್ಟಿಯಾಗಿ ಅತ್ತರು. ಆಮೇಲೆ ಅವನ ಜೊತೆ ನೆಲದ ಮೇಲೆ ಕುಳಿತರು. ಏಳು ಹಗಲು, ಏಳು ರಾತ್ರಿ. ಅವನ ಸಂಕಟ ಎಷ್ಟೆಂದು ಕಂಡಿದ್ದರಿಂದ ಒಬ್ಬರೂ ಒಂದು ಮಾತೂ ಆಡಲಿಲ್ಲ.

ಆ ಏಳು ದಿನವನ್ನು ನಾನು ಮತ್ತೆಮತ್ತೆ ನೆನೆಯುತ್ತೇನೆ. ಊಟ ಯಾರು ತಂದರೋ, ನೀರು ಯಾರು ಕೊಟ್ಟರೋ, ಬರೆದಿಲ್ಲ. ನಾಲ್ಕು ಗಂಡಸರು ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಸ್ನೇಹವೆಂದರೆ ಇದೇ ಅಲ್ಲವೇ? ಏಳು ದಿನ ಕಳೆದ ಮೇಲೆ ಯೋಬ ಬಾಯಿಬಿಟ್ಟು, ತಾನು ಹುಟ್ಟಿದ ದಿನವನ್ನೇ ಶಪಿಸಿದ. ಆಗ ಅವರೂ ಬಾಯಿ ತೆರೆದರು. ತಪ್ಪು ಮಾಡದವನಿಗೆ ಇಂಥದು ಬರುವುದಿಲ್ಲ, ದೇವರು ನಿನ್ನನ್ನು ತಿದ್ದುತ್ತಿದ್ದಾನೆ, ಅವನ ಕಡೆಗೆ ತಿರುಗಿಕೋ ಎಂದರು. ಒಂದೊಂದೂ ಭಕ್ತಿಯ ಮಾತೇ. ಯೋಬ ಮಾತ್ರ ಕೂಗಾಡಿದ, ದೇವರನ್ನೇ ವ್ಯಾಜ್ಯಕ್ಕೆ ಕರೆದ. ಕಡೆಗೆ ದೇವರು ಸಿಟ್ಟಾದದ್ದು ಯಾರ ಮೇಲೆ? ಆ ಮೂವರು ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ, ನನ್ನ ಸೇವಕನಾದ ಯೋಬನು ಆಡಿದ್ದೇ ಸರಿ ಎಂದ.

ಕಷ್ಟದಲ್ಲಿ ದೇವರನ್ನು ಸ್ತುತಿಸುವ ಮಾತು ಕಷ್ಟಪಟ್ಟವರ ಬಾಯಿಂದಲೇ ಬರಬೇಕು. ಗಂಡನನ್ನು ಮಣ್ಣಿಗಿಟ್ಟ ಹೆಣ್ಣುಮಗಳು ಸ್ತೋತ್ರ ಹೇಳಿದರೆ ಅದು ಕಾಣಿಕೆ. ಅದನ್ನೇ ನಾವು ಆಕೆಯ ಕಿವಿಯಲ್ಲಿ ಹೇಳಿದರೆ, ಹೊರೆ ಹೊತ್ತವರ ತಲೆಯ ಮೇಲೆ ಇನ್ನೊಂದು ಕಲ್ಲು ಇಟ್ಟ ಹಾಗೆ.

ಈ ಸೀಮೆಯ ಹಳೆಯ ಸಂಗತಿಗಳನ್ನು ನೋಡಿದರೂ ನನಗೆ ಹೀಗೇ ಅನ್ನಿಸುತ್ತದೆ. ಗುಬ್ಬಿ ಎಂದರೆ ನಮಗೆಲ್ಲ ವೀರಣ್ಣನವರ ನಾಟಕದ ಕಂಪನಿ ನೆನಪಾಗುತ್ತದೆ, ಆಗಲೇಬೇಕು. ವೀರಣ್ಣನವರು ಹುಟ್ಟುವುದಕ್ಕೂ ಅರ್ಧ ಶತಮಾನ ಮುಂಚೆ, 1837ರಲ್ಲಿ, ಥಾಮಸ್ ಹಾಡ್ಸನ್ ಎಂಬ ಪಾದ್ರಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸ ಶುರುಮಾಡಿದ್ದರು. ಕನ್ನಡಕ್ಕೊಂದು ವ್ಯಾಕರಣ ಬರೆದವರೂ ಅವರೇ. 1839ರಲ್ಲಿ ಇಪ್ಪತ್ತು ವರ್ಷದ ವಿಲಿಯಂ ಆರ್ಥರ್ ಇಂಗ್ಲೆಂಡಿನಿಂದ ಹೊರಟು ಗುಬ್ಬಿಗೆ ಬಂದು ಸೇರಿಕೊಂಡರು. ಕನ್ನಡ ಕಲಿತರು. ಎರಡು ವರ್ಷ ಕಳೆಯುವಷ್ಟರಲ್ಲಿ ಆರೋಗ್ಯ ಕೆಟ್ಟು, ಕಣ್ಣಿಗೇ ಪೆಟ್ಟಾಯಿತು. 1841ರಲ್ಲಿ ಹಡಗು ಹತ್ತಿ ಹಿಂತಿರುಗಬೇಕಾಯಿತು. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕೆಲಸದ ಬಗ್ಗೆ ಪುಸ್ತಕ ಬರೆದರು, ಮುಂದೆ ತಮ್ಮ ಸಭೆಯ ಅಧ್ಯಕ್ಷರೂ ಆದರು. ಆ ಪುಸ್ತಕ ಬರೆಯಲೆಂದೇ ದೇವರು ಅವರ ಕಣ್ಣು ಕೆಡಿಸಿದ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಕಣ್ಣು ಕೆಟ್ಟದ್ದು ಕೆಟ್ಟದ್ದೇ. ಕೆಟ್ಟ ಮೇಲೂ ಆ ಮನುಷ್ಯ ದೇವರ ಕೈ ಬಿಡಲಿಲ್ಲ. ನನಗೆ ಕಾಣುವುದು ಇಷ್ಟೇ, ಇಷ್ಟು ಸಾಕು ಕೂಡ.

ಆಮೇಲೆ ಬಂತು ಧಾತು ಈಶ್ವರ ಸಂವತ್ಸರಗಳ ಬರ. 1876ರಿಂದ 78ರವರೆಗೆ. ನಮ್ಮ ಹಿರಿಯರು ಆ ಹೆಸರನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ತುಮಕೂರಿನಂಥ ಬಯಲು ಸೀಮೆಯಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳು ಬೀದಿಗೆ ಬಿದ್ದರು. ಬರ ಯಾಕೆ ಬಂತು ಎಂದು ವಿವರಿಸುವವರು ಆಗಲೂ ಎಲ್ಲ ಮತಗಳಲ್ಲೂ ಇದ್ದಿರಬೇಕು. ಆದರೆ ಆ ಮಕ್ಕಳನ್ನು ಉಳಿಸಿದ್ದು ವಿವರಣೆಯಲ್ಲ, ಗಂಜಿ. ವೆಸ್ಲಿಯನ್ ಮಿಷನ್ನಿನವರು ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆದರು. ಹೊಟ್ಟೆಗೆ ಹಾಕಿದರು, ಅಕ್ಷರ ಕಲಿಸಿದರು. ಇದೇ ತುಮಕೂರಿನಲ್ಲಿ ಮುಂದಿನ ಶತಮಾನದಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಯಾವ ಜಾತಿ, ಯಾವ ಮತ ಎಂದು ಕೇಳದೆ ಮಕ್ಕಳಿಗೆ ಅನ್ನ ಇಟ್ಟರು. ಕಷ್ಟದ ಮುಂದೆ ದೊಡ್ಡವರು ಏನು ಮಾಡುತ್ತಾರೆ ಎನ್ನುವುದನ್ನು ನೋಡಲು ಈ ಊರಿನವರು ದೂರ ಹೋಗಬೇಕಾಗಿಲ್ಲ.

ಇದುವರೆಗೆ ಕಷ್ಟದ ಮಾತಾಯಿತು. ಸುಖದಲ್ಲಿ ನಂಬಿಕೆ ಇಟ್ಟುಕೊಳ್ಳುವುದು ಸುಲಭ ಎಂದುಕೊಳ್ಳುತ್ತೇವೆ. ನನಗೆ ಹಾಗೆ ಕಂಡಿಲ್ಲ. ನೋಡಿ, ಸೈಟು ಆಯಿತು, ಮನೆ ಎದ್ದಿತು, ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಗೃಹಪ್ರವೇಶದ ಪ್ರಾರ್ಥನಾ ಕೂಟದಲ್ಲಿ ದೇವರ ಆಶೀರ್ವಾದ ಎನ್ನುತ್ತೇವೆ. ಆ ಸಂತೋಷ ತಪ್ಪಲ್ಲ. ಆದರೆ ಹಾಗೆನ್ನುವಾಗ, ಮನೆ ಕಟ್ಟಲಾಗದ ಪಕ್ಕದವನಿಗೆ ಆಶೀರ್ವಾದ ಇಲ್ಲವೆಂದು ಹೇಳಿದಂತೆ ಆಗುತ್ತದೆಯೇ? ಹೊಟ್ಟೆ ತುಂಬಿದ ಮೇಲೆ, ಒಳ್ಳೆಯ ಮನೆ ಕಟ್ಟಿಕೊಂಡ ಮೇಲೆ ಇದೆಲ್ಲ ನಮ್ಮ ಕೈಬಲದಿಂದ ಆಯಿತು ಎನ್ನಬೇಡಿ ಎಂದು ಮೋಶೆ ತನ್ನ ಜನರನ್ನು ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ಹೇಮಾವತಿಯ ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಗೊರೂರಿನ ಅಣೆಕಟ್ಟೆಯಿಂದ ನಾಲೆಯಲ್ಲಿ ನೀರು ಬಂದರೆ ಗುಬ್ಬಿಯ ತೆಂಗು ಅಡಿಕೆ ಉಳಿಯುತ್ತವೆ. ನಾಲೆಯ ಕೊನೆಯಲ್ಲಿರುವ ನಮಗೆ ನೀರೇ ಮುಟ್ಟುವುದಿಲ್ಲ ಎನ್ನುವುದು ಕುಣಿಗಲ್ಲಿನವರ ನೋವು. ಅವರಿಗೆ ಕೊಟ್ಟರೆ ನಮಗೆ ಇದ್ದ ನೀರೂ ಹೋಗಿಬಿಡುತ್ತದೆ ಎನ್ನುವುದು ಗುಬ್ಬಿಯವರ ಭಯ. ಯಾರದು ಸರಿ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಎರಡು ತಾಲ್ಲೂಕಿನಲ್ಲೂ ದೇವರ ಮಕ್ಕಳಿದ್ದಾರೆ, ಇಬ್ಬರೂ ಅದೇ ಭಾನುವಾರ, ಅದೇ ದೇವರ ಹತ್ತಿರ ನೀರು ಕೇಳುತ್ತಾರೆ. ನನ್ನ ಕೆರೆ ತುಂಬಿದ ದಿನ ಸ್ತೋತ್ರ ಹೇಳುವಾಗ ಪಕ್ಕದ ತಾಲ್ಲೂಕಿನ ಕೆರೆಯೂ ನೆನಪಿಗೆ ಬರಲಿ ಎಂದಷ್ಟೇ ನನ್ನ ಬೇಡಿಕೆ. ಒಳ್ಳೆಯವರ ಹೊಲ, ಕೆಟ್ಟವರ ಹೊಲ ಎಂದು ನೋಡದೆ ಮಳೆ ಸುರಿಸುವ ತಂದೆ ಎಂದು ಯೇಸುಸ್ವಾಮಿ ದೇವರ ಬಗ್ಗೆ ಹೇಳಿದರು. ಮಳೆಯಲ್ಲಿ ಪಕ್ಷಪಾತವಿಲ್ಲದ ದೇವರಿಗೆ ಪಕ್ಷಪಾತದ ಸ್ತೋತ್ರ ಹೇಗೆ ಸಲ್ಲುತ್ತದೆ?

ನಂಬಿಕೆ ಇರುವವರು ಅಳಬಾರದು, ಕೇಳಬಾರದು ಎನ್ನುವವರೂ ಇದ್ದಾರೆ. ದಾವೀದನ ಕೀರ್ತನೆಗಳಲ್ಲಿ ಎಷ್ಟು ದೂರುಗಳಿವೆ! ಶಿಲುಬೆಯ ಮೇಲಿದ್ದ ಯೇಸುವೂ ಯಾಕೆ ನನ್ನ ಕೈಬಿಟ್ಟೆ ಎಂದು ಕೂಗಿ ಕೇಳಿದರು. ಹಬಕ್ಕೂಕ ಪ್ರವಾದಿಯ ಪುಸ್ತಕ ಶುರುವಾಗುವುದೇ ಎಷ್ಟು ದಿನ ಮೊರೆಯಿಡಲಿ ಎಂಬ ದೂರಿನಿಂದ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಎಂದು ಅವನು ಹಾಡಿದ್ದು ಕೊನೆಯ ಅಧ್ಯಾಯದಲ್ಲಿ. ದೂರು ಪೂರ್ತಿ ಹೇಳಿಕೊಂಡ ಮೇಲೆ ಆ ಹಾಡು ಬಂತು. ನಾವು ಸಂಕಟದಲ್ಲಿರುವವರನ್ನು ಮೊದಲ ಅಧ್ಯಾಯ ಓದಗೊಡದೆ ಸೀದಾ ಕೊನೆಯದಕ್ಕೆ ಎಳೆದುಕೊಂಡು ಹೋಗುತ್ತೇವೆ.

ಯೋಬನ ಕಥೆಯ ಕೊನೆಯಲ್ಲಿ ಅವನಿಗೆ ಎಲ್ಲವೂ ಇಮ್ಮಡಿಯಾಗಿ ಸಿಕ್ಕಿತು ಎಂದು ಎಲ್ಲರೂ ಹೇಳುತ್ತೇವೆ. ಗಮನವಿಟ್ಟು ಓದಿದರೆ ಇಮ್ಮಡಿಯಾದದ್ದು ಕುರಿ, ಒಂಟೆ, ಎತ್ತು, ಕತ್ತೆಗಳು. ಮಕ್ಕಳು ಮೊದಲಿನಂತೆಯೇ ಏಳು ಗಂಡು, ಮೂರು ಹೆಣ್ಣು. ಸತ್ತ ಮಕ್ಕಳಿಗೆ ಬದಲು ಯಾವುದೂ ಇಲ್ಲವೆಂದು ಆ ಕಥೆ ಬರೆದವರಿಗೆ ಗೊತ್ತಿತ್ತೇನೋ. ಇನ್ನೊಂದು ಸಂಗತಿಯೂ ಅಲ್ಲಿದೆ. ಅವನ ಸ್ಥಿತಿ ತಿರುಗಿದ್ದು ಯಾವಾಗ? ಅವನು ತನ್ನ ಗೆಳೆಯರಿಗಾಗಿ ಪ್ರಾರ್ಥಿಸಿದಾಗ. ಅಷ್ಟು ಮಾತಿನಿಂದ ನೋಯಿಸಿದ ಮೂವರು ಬಲಿಗೆ ಹೋರಿ ಟಗರುಗಳನ್ನು ಹೊಡೆದುಕೊಂಡು ಅವನ ಬಳಿಗೇ ಬರಬೇಕಾಯಿತು. ಅವನು ಅವರನ್ನು ಬಾಗಿಲಿನಿಂದ ಅಟ್ಟಲಿಲ್ಲ.