ಕರಾರಿನ ಮೇಲೆ ಬಂದ ಕಿರೀಟ



ಪುಣೆಗೆ ಬಂದು ನೆಲೆಸಿದ ನಮಗೆ ಕಸಬಾ ಪೇಟೆಯ ಕಥೆ ಹೊಸದಲ್ಲ. 1630ರ ಸುಮಾರಿಗೆ ವಿಜಾಪುರದ ಸೈನ್ಯವು ಈ ಊರನ್ನು ಸುಟ್ಟು, ಕತ್ತೆ ಕಟ್ಟಿ ನೇಗಿಲು ಹೊಡೆಸಿತಂತೆ. ಕೆಲವು ವರ್ಷಗಳ ಮೇಲೆ ಜೀಜಾಬಾಯಿಯವರು ಬಾಲಕ ಶಿವಾಜಿಯೊಡನೆ ಬಂದು, ಅದೇ ಪಾಳುನೆಲದಲ್ಲಿ ಬಂಗಾರದ ನೇಗಿಲು ಹೂಡಿಸಿದರಂತೆ. ಇದನ್ನು ಕೇಳಿದಾಗಲೆಲ್ಲ ನಮ್ಮ ನಾಡಿನ ಅರಸುಮನೆತನಗಳ ಮೂಲಪುರುಷರ ಐತಿಹ್ಯಗಳು ನೆನಪಾಗುತ್ತವೆ. ಅವುಗಳಲ್ಲಿಯೂ ರಾಜ್ಯ ಹುಟ್ಟುವುದು ಅರಮನೆಯಲ್ಲಲ್ಲ. ಕಾಡಿನಲ್ಲಿ, ಪಾಳಿನಲ್ಲಿ, ಮರದಡಿಯಲ್ಲಿ. ಬಲವಿಲ್ಲದವರು ಬಲಿಷ್ಠರನ್ನು ಎದುರಿಸುತ್ತಾರೆ, ಹಿರಿಯರೊಬ್ಬರು ಹರಸುತ್ತಾರೆ.

ಸೊಸೆವೂರಿನ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಹುಲಿ ಎರಗಿದಾಗ ಜೈನಮುನಿಗಳು ‘ಪೊಯ್ ಸಳ’ ಎಂದರು, ಸಳ ಹೊಡೆದನು, ಹೊಯ್ಸಳ ವಂಶವಾಯಿತು. ತುಂಗಭದ್ರೆಯ ದಂಡೆಯಲ್ಲಿ ಬೇಟೆನಾಯಿಗಳ ಮೇಲೆ ಮೊಲವೇ ತಿರುಗಿಬಿದ್ದಿತು, ವಿದ್ಯಾರಣ್ಯರು ಅಲ್ಲಿಯೇ ನಗರ ಕಟ್ಟಲು ಹೇಳಿದರು, ಅದೇ ವಿಜಯನಗರ. ಇದೇ ಮೊಲ, ಇದೇ ನಾಯಿ ದೂರದ ಅಹಮದಾಬಾದಿನ ಕಥೆಯಲ್ಲಿಯೂ ಇವೆ. ಕಥೆಗೆ ಗಡಿಯಿಲ್ಲ.

ಇವೆಲ್ಲ ನಡೆದ ಸಂಗತಿಗಳೇ ಎಂದು ತಾವು ಕೇಳಬಹುದು. ಕದಂಬರನ್ನೇ ನೋಡಿರಿ. 5ನೆಯ ಶತಮಾನದ ತಾಳಗುಂದ ಶಾಸನದಲ್ಲಿ ಮಯೂರಶರ್ಮನು ಓದಲು ಕಂಚಿಗೆ ಹೋದ ಬ್ರಾಹ್ಮಣ. ಪಲ್ಲವರ ರಾವುತನೊಡನೆ ಜಗಳವಾಗಿ, ಅವಮಾನ ಸಹಿಸದೆ ಖಡ್ಗ ಹಿಡಿದವನು. ಶತಮಾನಗಳ ಮೇಲಿನ ಶಾಸನಗಳಲ್ಲಿಯೋ, ಕದಂಬ ಮರದಡಿ ಬಿದ್ದ ಶಿವನ ಬೆವರ ಹನಿಯಿಂದ ಹುಟ್ಟಿದ ಮುಕ್ಕಣ್ಣನೇ ಮೂಲಪುರುಷ. ವಂಶ ಬೆಳೆದಂತೆ ಕಥೆಯೂ ಬೆಳೆಯಿತು.

ಹಾಗೆಂದು ಈ ಕಥೆಗಳು ಬರಿಯ ಹೊಗಳಿಕೆಯಲ್ಲ. 12ನೆಯ ಶತಮಾನದ ಕಲ್ಲೂರುಗುಡ್ಡ ಶಾಸನವು ಗಂಗರ ಮೂಲವನ್ನು ಹೇಳುತ್ತದೆ. ಮಾಧವನು ಕತ್ತಿಯ ಒಂದೇ ಏಟಿಗೆ ಕಲ್ಲುಕಂಬ ಕಡಿದನು. ಸಿಂಹನಂದಿ ಆಚಾರ್ಯರು ರಾಜ್ಯ ದೊರಕಿಸಿದರು. ಆದರೆ ಸುಮ್ಮನೆ ಅಲ್ಲ. ಕೊಟ್ಟ ಮಾತಿಗೆ ತಪ್ಪಿದರೆ, ಪರಸ್ತ್ರೀಯರಿಗೆ ಆಸೆಪಟ್ಟರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ನಿಮ್ಮ ಕುಲ ಅಳಿಯುವುದೆಂದು ಎಚ್ಚರಿಸಿದರು. ಬ್ಯಾಂಕಿನಲ್ಲಿ ದಿನವೂ ಕರಾರುಪತ್ರ ಓದುವ ನಮ್ಮಂಥವರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಕಿರೀಟವೂ ಕರಾರಿನ ಮೇಲೆ ಕೊಟ್ಟ ಸಾಲವೇ.

ಈಗ ಅರಸರಿಲ್ಲ. 1956ರ ನವೆಂಬರ್ 1ರಂದು ಒಂದುಗೂಡಿದ ನಾಡಿಗೆ ಪ್ರಜೆಗಳೇ ಒಡೆಯರು. ಮಕ್ಕಳಿಗೆ ಸಳನ ಕಥೆ ಹೇಳೋಣ; ನೆರೆಯವರ ಬಂಗಾರದ ನೇಗಿಲಿನ ಕಥೆಯನ್ನೂ ಹೇಳೋಣ. ಆದರೆ ಸಿಂಹನಂದಿಯ ಕರಾರನ್ನು ಬಿಟ್ಟು ಹೇಳದಿರೋಣ. ಆಡಿದ ಮಾತು ನಡೆಸುವುದು, ಕೈಚಾಚಿದವರಿಗೆ ಕೊಡುವುದು, ಕಷ್ಟಕ್ಕೆ ಬೆನ್ನು ತೋರದಿರುವುದು: ಆ ಋಣ ಈಗ ನಮ್ಮ ಪಾಲಿಗೆ ಬಂದಿದೆ.